ಮಾಲೆ ತೆಗೆದ ಮರುದಿನ

ಸಂಕ್ರಾಂತಿ ಕಳೆದ ವಾರ ನಮ್ಮ ಕಡೆ ಊರೂರಲ್ಲಿ ಒಂದು ಮಾತು ಓಡಾಡುತ್ತದೆ. ನೀವೂ ಕೇಳಿರುತ್ತೀರಿ. "48 ದಿನ ಮುಟ್ಟಲಿಲ್ಲ ಕಣಪ್ಪ, ಮಾಲೆ ತೆಗೆದ ಮರುದಿನಾನೇ ಶುರು ಹಚ್ಕೊಂಡ."

ಯಾರ ಬಗ್ಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಂಥವರು ಒಬ್ಬರಾದರೂ ಇಲ್ಲದ ಊರು ನಾವು ಕಂಡಿಲ್ಲ. ಮಾಲೆ ಹಾಕಿದ ದಿನದಿಂದ ಅವರನ್ನು ಹೆಂಡತಿಯೂ ಸ್ವಾಮಿ ಅಂತಾಳೆ, ಸಾಲ ಕೊಟ್ಟವನೂ ಸ್ವಾಮಿ ಅಂತಾನೆ. ಬೆಳಗಿನ ಜಾವ ತಣ್ಣೀರು ಸ್ನಾನ, ಕಾಲಿಗೆ ಚಪ್ಪಲಿ ಇಲ್ಲ, ರಾತ್ರಿ ಚಾಪೆ, ಸಂಜೆ ಭಜನೆ. ಮನೆಯಲ್ಲಿ ಜಗಳ ಇಲ್ಲ. ಮಕ್ಕಳು ಅಪ್ಪನ ಪಕ್ಕ ಕೂತು ಊಟ ಮಾಡುತ್ತವೆ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮರುದಿನ ಸಂಜೆ ಆ ಮನುಷ್ಯ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ನಿಂತಿರುತ್ತಾನೆ. ಊರವರು ತೀರ್ಪು ಕೊಡುತ್ತಾರೆ: "ದೇವರ ಭಯಾನೂ ಇಲ್ಲ ಇವನಿಗೆ. ಮನಸ್ಸೇ ಗಟ್ಟಿ ಇಲ್ಲ."

ಈ ತೀರ್ಪನ್ನು ನಾವೂ ಬಹಳ ದಿನ ಒಪ್ಪಿಕೊಂಡಿದ್ದೆವು. ಈಗ ಒಪ್ಪುವುದಿಲ್ಲ. 48 ದಿನ ಚಳಿಯಲ್ಲಿ ಬರಿಗಾಲಲ್ಲಿ ನಡೆದವನ ಮನಸ್ಸು ಗಟ್ಟಿ ಇಲ್ಲ ಅಂದರೆ ಇನ್ನು ಯಾರದು ಗಟ್ಟಿ? ಮನಸ್ಸು ಗಟ್ಟಿ ಇದ್ದೂ ಕಾಲು ಆ ಅಂಗಡಿಯ ಕಡೆಗೇ ಹೋಯಿತು ಅಂದರೆ, ನಾವು ಮನಸ್ಸು ಅಂತ ಕರೆಯುವುದರ ಕೆಳಗೆ ಇನ್ನೇನೋ ನಡೆದಿರಬೇಕು. ಅದೇನು ಅಂತ ಹುಡುಕಿ ಓದುತ್ತಾ ಹೋದಾಗ ನಮಗೆ ಸಿಕ್ಕಿದ್ದು ಅಮೆರಿಕದ ಒಂದು ಪ್ರಯೋಗಾಲಯದ ಇಲಿಗಳ ಕತೆ. ಸ್ವಲ್ಪ ವಿಜ್ಞಾನ ಇದೆ, ಬೇಜಾರು ಮಾಡಿಕೊಳ್ಳದೆ ಓದಿ. ಹೈಸ್ಕೂಲಲ್ಲಿ ಯಾರೂ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಮೆದುಳು ಅಂದ ತಕ್ಷಣ ನಮಗೆ ನೆನಪಾಗುವುದು ನರಕೋಶ. ಪಠ್ಯಪುಸ್ತಕದಲ್ಲಿ ಬೇರು ಬಿಟ್ಟ ಗಿಡದ ಹಾಗೆ ಚಿತ್ರ ಇರುತ್ತಿತ್ತಲ್ಲ, ಅದೇ. ಆದರೆ ಮೆದುಳಲ್ಲಿ ನರಕೋಶಗಳ ಜೊತೆಗೆ ಇನ್ನೊಂದು ದೊಡ್ಡ ಸಂಸಾರವೇ ಇದೆ. ಅವಕ್ಕೆ ಗ್ಲಿಯಾ ಕೋಶಗಳು ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಗ್ಲಿಯಾ ಅಂದರೆ ಅಂಟು. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಈ ಹೆಸರಿಟ್ಟಾಗ, ಇವು ನರಕೋಶಗಳನ್ನು ಹಿಡಿದು ನಿಲ್ಲಿಸುವ ಗೋಂದು, ಅಷ್ಟೇ ಅಂದುಕೊಂಡಿದ್ದರು. ಎಲ್ಲ ಕೆಲಸವನ್ನೂ ನರಕೋಶವೇ ಮಾಡುತ್ತದೆ, ಇವು ಸುಮ್ಮನೆ ಇರುತ್ತವೆ ಎಂಬ ನಂಬಿಕೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಮನೆಯಲ್ಲಿ ಹೆಂಗಸರ ಕೆಲಸದ ಲೆಕ್ಕ ಇಡುವ ಹಾಗೇ ಇದೂ.

ಗ್ಲಿಯಾಗಳಲ್ಲಿ ಒಂದು ಬಗೆಯವು ನರಗಳಿಗೆ ಹೊದಿಕೆ ಸುತ್ತುತ್ತವೆ. ಪಂಪ್‌ಸೆಟ್ ವೈರಿನ ಮೇಲೆ ರಬ್ಬರ್ ಇರುತ್ತದಲ್ಲ, ಆ ಥರ. ಈ ಹೊದಿಕೆಗೆ ಮಯಲಿನ್ ಅಂತ ಹೆಸರು. ಹೊದಿಕೆ ಇಲ್ಲದ ನರದಲ್ಲಿ ಸಂದೇಶ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಲ್ಲಿ ತೆವಳುತ್ತದೆ. ಚೆನ್ನಾಗಿ ಹೊದಿಕೆ ಇರುವ ದಪ್ಪ ನರದಲ್ಲಿ ಸೆಕೆಂಡಿಗೆ 100 ಮೀಟರಿನವರೆಗೂ ಓಡುತ್ತದೆ. ಕಾಲಿಗೆ ಮುಳ್ಳು ಚುಚ್ಚುವಷ್ಟರಲ್ಲಿ ಕಾಲು ಹಿಂದಕ್ಕೆ ಬಂದಿರುತ್ತದಲ್ಲ, ಅದರಲ್ಲಿ ಈ ಹೊದಿಕೆಯ ಪಾಲೂ ಇದೆ.

ಈಗ ಮುಖ್ಯ ವಿಷಯ. ಹೊದಿಕೆ ಸುತ್ತುವ ಕೋಶಗಳು ಹುಟ್ಟುವುದು ಎಲ್ಲಿಂದ? ಅವುಗಳ ಸಸಿಗಳು ಮೆದುಳಿನ ತುಂಬ ಇವೆ. ವಿಜ್ಞಾನಿಗಳು ಇವನ್ನು ಗ್ಲಿಯಾ ಪೂರ್ವಕೋಶಗಳು ಅನ್ನುವ ಅರ್ಥದಲ್ಲಿ ಕರೆಯುತ್ತಾರೆ. ನಾವು ಸಸಿಕೋಶ ಅನ್ನೋಣ. ರಾಗಿ ಒಟ್ಟಲು ಹಾಕಿ, ಹದ ಮಳೆ ಬಂದಾಗ ಕಿತ್ತು ನಾಟಿ ಮಾಡುವುದಿಲ್ಲವೇ, ಹಾಗೆ. ವಯಸ್ಸಾದವರ ಮೆದುಳಲ್ಲೂ ಒಟ್ಟು ಜೀವಕೋಶಗಳಲ್ಲಿ ನೂರಕ್ಕೆ ಸುಮಾರು 5ರಷ್ಟು ಈ ಸಸಿಗಳೇ. ದೊಡ್ಡವರಾದ ಮೇಲೂ ಮೆದುಳಲ್ಲಿ ಒಡೆದು ಎರಡಾಗುತ್ತಾ ಇರುವ ಕೋಶಗಳಲ್ಲಿ ಹೆಚ್ಚಿನವು ಇವು.

ಹದ ಮಳೆ ಬಂತು ಅಂತ ಇವಕ್ಕೆ ಹೇಳುವವರು ಯಾರು? ನರಕೋಶಗಳೇ. 2000ನೇ ಇಸವಿಯಲ್ಲಿ ಒಂದು ಸಂಶೋಧನೆ ಬಂತು: ನರಕೋಶಗಳು ಒಂದಕ್ಕೊಂದು ಮಾತಾಡುವ ಹಾಗೆಯೇ ಈ ಸಸಿಗಳ ಜೊತೆಗೂ ನೇರವಾಗಿ ಮಾತಾಡುತ್ತವೆ ಅಂತ. ಯಾವ ದಾರಿಯಲ್ಲಿ ಸಂದೇಶ ಹೆಚ್ಚು ಓಡಾಡುತ್ತದೋ ಆ ದಾರಿಯ ಪಕ್ಕದ ಸಸಿಗಳು ಚುರುಕಾಗುತ್ತವೆ, ಹೆಚ್ಚುತ್ತವೆ, ಬಲಿಯುತ್ತವೆ, ಆ ದಾರಿಗೆ ಹೊಸ ಹೊದಿಕೆ ಸುತ್ತುತ್ತವೆ. 2014ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇಲಿಗಳಿಗೆ ಒಂದು ಚಕ್ರ ಕೊಟ್ಟರು. ಅದರ ಕಂಬಿಗಳು ಒಂದೇ ಅಂತರದಲ್ಲಿ ಇರಲಿಲ್ಲ. ಮಧ್ಯೆ ಮಧ್ಯೆ ಹಲ್ಲು ಬಿದ್ದ ಹಾಗೆ ಖಾಲಿ. ಮಾಮೂಲಿ ಇಲಿಗಳು ಕೆಲವು ದಿನದಲ್ಲಿ ಅದರ ಮೇಲೆ ಸರಾಗವಾಗಿ ಓಡುವುದನ್ನು ಕಲಿತವು. ಹೊಸ ಹೊದಿಕೆಕೋಶ ಹುಟ್ಟದ ಹಾಗೆ ಮಾಡಿದ ಇಲಿಗಳು ಅಷ್ಟು ಚೆನ್ನಾಗಿ ಕಲಿಯಲಿಲ್ಲ. ಅಂದರೆ ಕಲಿಕೆ ಅನ್ನುವುದು ನರಕೋಶದ ಕೆಲಸ ಮಾತ್ರ ಅಲ್ಲ, ಗೋಂದು ಅಂತ ಕರೆಸಿಕೊಂಡವರದೂ ಅದರಲ್ಲಿ ಪಾಲಿದೆ. ನೀವು ಸೈಕಲ್ ಕಲಿತದ್ದು, ನಿಮ್ಮಜ್ಜಿ ನೋಡದೆಯೇ ಮುದ್ದೆ ತಿರುವುವುದು, ಇಂಥ ಕಲಿಕೆಗಳ ಹಿಂದೆಯೂ ಈ ಸಸಿಗಳ ದುಡಿಮೆ ಇರಬಹುದು ಅಂತ ಈಗ ವಿಜ್ಞಾನಿಗಳು ಯೋಚಿಸುತ್ತಿದ್ದಾರೆ.

ಒಳ್ಳೆಯದನ್ನು ಕಲಿಯುವಾಗ ಹೀಗಾದರೆ ಕೆಟ್ಟದ್ದನ್ನು ಕಲಿಯುವಾಗ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಶೆಲ್ ಮಾಂಜೆ ಅವರ ತಂಡ. ಅವರು ಮೂಲತಃ ಮಕ್ಕಳ ಮೆದುಳಿನ ಕ್ಯಾನ್ಸರ್ ನೋಡುವ ವೈದ್ಯೆ. ನರಗಳ ಚಟುವಟಿಕೆ ಈ ಸಸಿಕೋಶಗಳನ್ನು ಬೆಳೆಸುತ್ತದೆ ಅಂತ ಇಲಿಗಳಲ್ಲಿ ತೋರಿಸಿದ್ದ ತಂಡ ಅದು. ಆ ತಂಡದ ಬೆಲ್ಗಿನ್ ಯಲ್ಚಿನ್ ಮತ್ತು ಜೊತೆಗಾರರು ಮಾರ್ಫಿನ್ ಬಗ್ಗೆ ಮಾಡಿದ ಕೆಲಸ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮಾರ್ಫಿನ್ ಅಂದರೆ ಅಫೀಮಿನಿಂದ ಬರುವ ನೋವಿನ ಔಷಧಿ. ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ವರ. ಹೊರಗೆ ಚಟ ಹತ್ತಿದರೆ ಶಾಪ. ಹೆರಾಯಿನ್ ಕೂಡ ಅದೇ ವಂಶ.

ಮೆದುಳಿನ ನಡುಭಾಗದಲ್ಲಿ ಒಂದು ಸಣ್ಣ ಜಾಗ ಇದೆ. ಡೋಪಮಿನ್ ಎಂಬ ರಾಸಾಯನಿಕವನ್ನು ಕಳಿಸುವ ನರಕೋಶಗಳು ಅಲ್ಲಿವೆ. ಡೋಪಮಿನ್ ಅಂದರೆ ಖುಷಿಯ ರಸ ಅಂತ ವಾಟ್ಸಾಪಲ್ಲಿ ಬರುತ್ತಿರುತ್ತದೆ. ಅದು ಅರ್ಧ ನಿಜ. ಅದರ ದೊಡ್ಡ ಕೆಲಸ, "ಇದು ಬೇಕಾದದ್ದು, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ನೆನಪಿಟ್ಟುಕೋ" ಅಂತ ಮೆದುಳಿಗೆ ಕಲಿಸುವುದು. ಮಾರ್ಫಿನ್, ಕೊಕೇನ್, ನಿಕೋಟಿನ್, ಹೆಂಡ, ಇವೆಲ್ಲ ಬೇರೆ ಬೇರೆ ಬಾಗಿಲಿಂದ ಹೋಗಿ ಈ ಡೋಪಮಿನ್ ದಾರಿಯನ್ನೇ ಕೆರಳಿಸುತ್ತವೆ. ಇದು ಹಳೆಯ ವಿಷಯ. ಹೊಸದಾಗಿ ಕಂಡದ್ದು ಇದು: ಮಾರ್ಫಿನ್ ಕೊಟ್ಟಾಗ ಆ ಸಣ್ಣ ಜಾಗದಲ್ಲಿದ್ದ ಸಸಿಕೋಶಗಳು ಎದ್ದು ಕೂತವು. ಹೊಸ ಹೊದಿಕೆಕೋಶಗಳು ಹೆಚ್ಚಾದವು. ಔಷಧಿ ಕೊಡದೆ, ಬರೀ ಬೆಳಕಿನ ತಂತ್ರದಿಂದ ಆ ಡೋಪಮಿನ್ ನರಗಳನ್ನು ಕೆರಳಿಸಿದಾಗಲೂ ಹಾಗೇ ಆಯಿತು. ಬದಲಾವಣೆ ಆದದ್ದು ನರಗಳು ಹೊರಡುವ ಆ ಜಾಗದಲ್ಲಿ ಮಾತ್ರ, ಅವು ಹೋಗಿ ಮುಟ್ಟುವ ಕಡೆ ಅಲ್ಲ.

ಆಮೇಲೆ ಕೋಣೆಯ ಪರೀಕ್ಷೆ. ಒಂದು ಪೆಟ್ಟಿಗೆ, ಅದರಲ್ಲಿ ಎರಡು ಕೋಣೆ. ನೋಡಲು ಎರಡೂ ಬೇರೆ ಬೇರೆ. ಒಂದು ಕೋಣೆಯಲ್ಲಿ ಇಲಿಗೆ ಮಾರ್ಫಿನ್ ಕೊಡುತ್ತಾರೆ, ಇನ್ನೊಂದರಲ್ಲಿ ಬರೀ ಉಪ್ಪುನೀರಿನ ಚುಚ್ಚುಮದ್ದು. ಹೀಗೆ ಕೆಲವು ದಿನ ನಡೆದ ಮೇಲೆ ಏನೂ ಕೊಡದೆ ಎರಡೂ ಬಾಗಿಲು ತೆಗೆದು ಬಿಡುತ್ತಾರೆ. ಮಾಮೂಲಿ ಇಲಿ ಮಾರ್ಫಿನ್ ಸಿಕ್ಕಿದ್ದ ಕೋಣೆಗೇ ಹೋಗಿ ಅಲ್ಲೇ ಸುತ್ತಾಡುತ್ತದೆ. ಈಗ ಅಲ್ಲಿ ಮಾರ್ಫಿನ್ ಇಲ್ಲ, ಕೋಣೆ ಮಾತ್ರ ಇದೆ. ಆದರೂ ಹೋಗುತ್ತದೆ. ಸಸಿಕೋಶಗಳು ಬಲಿತು ಹೊಸ ಹೊದಿಕೆಕೋಶ ಆಗದಂತೆ ತಡೆದಿದ್ದ ಇಲಿಗಳು ಮಾತ್ರ ಈ ಪಾಠವನ್ನು ಸರಿಯಾಗಿ ಕಲಿಯಲಿಲ್ಲ. ಅವುಗಳಲ್ಲಿ ಡೋಪಮಿನ್ ಬಿಡುಗಡೆಯ ರಭಸವೂ ತಗ್ಗಿತ್ತು.

ಇದನ್ನು ಓದಿದ ಸಂಜೆ ನಮ್ಮಲ್ಲಿ ಒಬ್ಬರು ಹೇಳಿದರು, "ಆ ಕೋಣೆ ನಮ್ಮೂರಲ್ಲೂ ಇದೆ. ಬಸ್ ಸ್ಟ್ಯಾಂಡ್ ಹಿಂದೆ."

ನಾವು ಹೇಳಲು ಹೊರಟಿರುವುದು ಇದನ್ನೇ. ಚಟ ಅನ್ನುವುದು ಒಂದು ಕಲಿಕೆ, ಅದೂ ಆಳವಾದ ಕಲಿಕೆ. ಅದು ವಸ್ತುವಿನ ಜೊತೆಗೆ ಜಾಗ, ಹೊತ್ತು, ಜೊತೆಗಾರ, ವಾಸನೆ ಎಲ್ಲವನ್ನೂ ಸೇರಿಸಿ ಕಟ್ಟಿಕೊಂಡ ಕಲಿಕೆ. ಮಾಲೆ ಹಾಕಿದ 48 ದಿನ ಏನಾಗಿತ್ತು ಯೋಚಿಸಿ. ದೇವರ ಭಯವೊಂದೇ ಅಲ್ಲ, ಅವರ ದಾರಿಯೇ ಬದಲಾಗಿತ್ತು. ಸಂಜೆ ಆರಕ್ಕೆ ಅವರು ಬಸ್ ಸ್ಟ್ಯಾಂಡಲ್ಲಿ ಇರುತ್ತಿರಲಿಲ್ಲ, ಭಜನೆಯಲ್ಲಿ ಇರುತ್ತಿದ್ದರು. ಜೊತೆಗಾರರು ಬೇರೆ, ಬಟ್ಟೆ ಬೇರೆ, ಹೆಸರೂ ಬೇರೆ. ಕುಡಿಯಲು ಕರೆಯುವವರು ಯಾರೂ ಇರಲಿಲ್ಲ. ಸ್ವಾಮಿಗೆ ಯಾರು ಗ್ಲಾಸ್ ಹಿಡಿಯುತ್ತಾರೆ? ಮಾಲೆ ತೆಗೆದ ದಿನ ಅವರನ್ನು ಹಳೆಯ ಹೆಸರಲ್ಲಿ ಕರೆದು, ಹಳೆಯ ಕೋಣೆಯ ಬಾಗಿಲು ತೆಗೆದು, "ನೋಡೋಣ, ಏನ್ ಮಾಡ್ತಾನೆ" ಅಂತ ನಾವೆಲ್ಲ ನಿಂತು ನೋಡಿದೆವು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಇಲಿ ಮನುಷ್ಯ ಅಲ್ಲ, ಮಾರ್ಫಿನ್ ಹೆಂಡ ಅಲ್ಲ. ಈ ಪ್ರಯೋಗ ತೋರಿಸಿದ್ದು ಚಟ ಅಂಟುವ ಮೊದಲ ಪಾಠವನ್ನು, ಇಪ್ಪತ್ತು ವರ್ಷ ಕುಡಿದವರ ಮೆದುಳನ್ನಲ್ಲ. ಇದರಿಂದ ಮಾತ್ರೆ ಬಂದಿಲ್ಲ, ಟಾನಿಕ್ ಬಂದಿಲ್ಲ. ನಾಳೆ ಯಾರಾದರೂ "ಮಯಲಿನ್ ಸರಿಮಾಡಿ ಕುಡಿತ ಬಿಡಿಸುತ್ತೇವೆ" ಅಂತ ಪಾಂಪ್ಲೆಟ್ ಹಂಚಿದರೆ ದುಡ್ಡು ಕೊಡಬೇಡಿ. ಹೊದಿಕೆಯನ್ನೇ ತಡೆಯುವುದು ಆಟದ ಮಾತೂ ಅಲ್ಲ, ಯಾಕೆಂದರೆ ಒಳ್ಳೆಯದನ್ನು ಕಲಿಯಲೂ ಅದೇ ಬೇಕು. ಆದರೆ ಜಾಗ, ಹೊತ್ತು, ಜೊತೆಗಾರರನ್ನು ಕಂಡ ಕೂಡಲೇ ಆಸೆ ಕೆರಳುತ್ತದೆ ಅನ್ನುವುದು ಮನುಷ್ಯರಲ್ಲೂ ವೈದ್ಯರು ದಿನಾ ಕಾಣುವ ಸತ್ಯ. ಅದಕ್ಕೆ ಇಲಿ ಬೇಕಿಲ್ಲ. ಬೀಡಿ ಬಿಟ್ಟವರನ್ನು ಕೇಳಿ, ಟೀ ಕುಡಿದ ತಕ್ಷಣ ಕೈ ಜೇಬಿಗೆ ಹೋಗುತ್ತದೆ ಅಂತಾರೆ.

ಈ ಲೇಖನದ ಕರಡನ್ನು ನಾವು ಮೊದಲು ಓದಿ ಹೇಳಿದ್ದು ಸ್ವಸಹಾಯ ಸಂಘದ ಒಬ್ಬ ಅಕ್ಕನಿಗೆ. ಆಕೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಕುಡಿದದ್ದು ಮೆದುಳಿನ ತಪ್ಪು ಅಂತೀರಿ. ಹೊಡೆದದ್ದು ಯಾರ ತಪ್ಪು?"

ಆ ಪ್ರಶ್ನೆಗೆ ನಮ್ಮ ಬಾಯಿ ಕಟ್ಟಿತು. ಎರಡು ದಿನ ನಾವು ನಾವೇ ಜಗಳ ಆಡಿದೆವು. ಕೊನೆಗೆ ಒಪ್ಪಿದ್ದು ಇಷ್ಟು. ಕಾಲು ಅಂಗಡಿ ಕಡೆ ಎಳೆಯುವುದಕ್ಕೆ ಮೆದುಳಲ್ಲಿ ಕಾರಣ ಇದೆ. ಹೆಂಡತಿಯ ಮೇಲೆ ಕೈ ಎತ್ತುವುದನ್ನು ಆ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ. ಅದೇ ಮನುಷ್ಯ ಕುಡಿದಾಗ ಗೌಡರ ಮೇಲೆ ಕೈ ಎತ್ತಿದ್ದನ್ನು, ಪೊಲೀಸರ ಮೇಲೆ ಕೈ ಎತ್ತಿದ್ದನ್ನು ನಾವು ನೋಡಿಲ್ಲ. ಯಾರಿಗೆ ಹೊಡೆಯಬಹುದು ಅನ್ನುವ ಪಾಠವನ್ನು ಕಲಿಸಿದ್ದು ಹೆಂಡ ಅಲ್ಲ, ಊರು. ಚಿಕಿತ್ಸೆ ಆತನ ಹಕ್ಕು, ಆದರೆ ಆತ ಗುಣವಾಗುವವರೆಗೆ ಏಟು ತಿನ್ನುತ್ತಾ ಕಾಯುವುದು ಆಕೆಯ ಕರ್ತವ್ಯ ಅಲ್ಲ. 181ಕ್ಕೆ ಫೋನ್ ಮಾಡಬಹುದು, ತವರಿಗೆ ಹೋಗಬಹುದು, ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯಲ್ಲಿ ರಕ್ಷಣೆ ಕೇಳಬಹುದು. ಕಾಯಿಲೆ ಅಂತ ಕರೆದ ಮಾತ್ರಕ್ಕೆ ಎಲ್ಲಕ್ಕೂ ಕ್ಷಮೆ ಸಿಗುವುದಿಲ್ಲ. ಅಕ್ಕ ಇದನ್ನು ಕೇಳಿ, "ಹಂಗಾದ್ರೆ ಬರೀರಿ" ಅಂದರು.

ಈಗ ನಮ್ಮ ಊರುಗಳಲ್ಲಿ ಚಟ ಬಿಡಿಸುವ ಹೆಸರಲ್ಲಿ ನಡೆಯುವುದನ್ನು ನೋಡಿ.

ಮೊದಲನೆಯದು ಆಣೆ. ದೇವಸ್ಥಾನದಲ್ಲಿ ಕರ್ಪೂರ ಆರಿಸಿ ಆಣೆ ಮಾಡಿಸುತ್ತಾರೆ. ಆಣೆಯನ್ನು ನಾವು ಹೀಗಳೆಯುವುದಿಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಬಲ ಇದೆ, ಕೆಲವರು ಅದರಿಂದಲೇ ಬಿಟ್ಟಿದ್ದಾರೆ. ನಮ್ಮ ತಕರಾರು ಇರುವುದು ಆಣೆ ಮುರಿದ ಮೇಲೆ ಆಗುವುದರ ಬಗ್ಗೆ. ಆಣೆ ಮುರಿದವನು ತನ್ನನ್ನು ದೇವರೂ ಕೈಬಿಟ್ಟ ಅಂದುಕೊಳ್ಳುತ್ತಾನೆ. ಮನೆಯವರೂ ಹಾಗೇ ಅನ್ನುತ್ತಾರೆ. ಆ ನಾಚಿಕೆ ತಡೆಯಲಾರದೆ ಇನ್ನಷ್ಟು ಕುಡಿಯುತ್ತಾನೆ. ಸಕ್ಕರೆ ಕಾಯಿಲೆಯವರು ಹಬ್ಬದ ದಿನ ಹೋಳಿಗೆ ತಿಂದರೆ ಬೈದು, ಮಾರನೇ ದಿನ ಮಾತ್ರೆ ಕೊಡುತ್ತೇವೆ. ಕುಡಿತಕ್ಕೆ ಮರಳಿದವರಿಗೆ ಆ ಮಾರನೇ ದಿನ ಸಿಗುವುದೇ ಇಲ್ಲ.

ಎರಡನೆಯದು ಪುಡಿ. "ಕುಡುಕರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ" ಅಂತ ಗೋಡೆಗಳ ಮೇಲೆ, ಬಸ್ಸಿನ ಹಿಂದೆ ಅಂಟಿಸಿರುತ್ತಾರೆ. ಇದನ್ನು ಖಂಡಿತ ಮಾಡಬೇಡಿ. ಡೈಸಲ್ಫಿರಾಮ್ ಎಂಬ ಒಂದು ಔಷಧಿ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿ.ಪಿ. ಇಳಿಯುತ್ತದೆ. ವೈದ್ಯರು ಅದನ್ನು ಪರೀಕ್ಷೆ ಮಾಡಿ, ವಿವರವಾಗಿ ತಿಳಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ. ಹೆಸರಿಲ್ಲದ ಪೊಟ್ಟಣದಲ್ಲಿ ಏನಿದೆ ಅಂತ ಬೆರೆಸುವ ನಿಮಗೂ ಗೊತ್ತಿಲ್ಲ, ತಿನ್ನುವ ಅವರಿಗೂ ಗೊತ್ತಿಲ್ಲ. ಇಂಥ ಔಷಧಿ ಹೊಟ್ಟೆಯಲ್ಲಿದ್ದು ಆತ ಕುಡಿದುಬಿಟ್ಟರೆ ಜೀವವೇ ಹೋಗಬಹುದು.

ಮೂರನೆಯದು ಕೂಡಿಹಾಕುವುದು. ಕೋಣೆಯಲ್ಲಿ ಹಾಕಿ ಬೀಗ, ಇಲ್ಲವೇ ಮರಕ್ಕೆ ಸರಪಳಿ. ದಿನಾ ಬಹಳ ಕುಡಿಯುವವರಿಗೆ ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಮೊದಲ ಎರಡು ಮೂರು ದಿನದಲ್ಲೇ ಫಿಟ್ಸ್ ಬರುತ್ತದೆ. ಇಲ್ಲದ್ದು ಕಾಣುತ್ತದೆ, ಹೊತ್ತು ಗೊತ್ತು ತಪ್ಪುತ್ತದೆ. ಅದನ್ನು ಊರಲ್ಲಿ "ಗಾಳಿ ಸೋಕಿದೆ" ಅಂದುಬಿಡುತ್ತಾರೆ. ಅದು ಗಾಳಿ ಅಲ್ಲ, ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಬರಬಹುದು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ಇದನ್ನು ಸುಲಭವಾಗಿ ದಾಟಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಮಾದಕವಸ್ತುವಿನಿಂದ ಬರುವ ಮಾನಸಿಕ ಸ್ಥಿತಿಯನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ. ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಹೆರಾಯಿನ್ ಥರದವನ್ನು ಬಿಟ್ಟವರಿಗೆ ಬೇರೆ ಅಪಾಯ. ಕೆಲವು ವಾರ ಬಿಟ್ಟರೆ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಕೂಡಿಹಾಕಿದ ಕಡೆಯಿಂದ ಹೊರಬಂದ ದಿನ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

ಇನ್ನು ನಮ್ಮದೇ ಕಸುಬು. ತಾಲ್ಲೂಕು ವರದಿಗಾರರ ಕೈಕೆಳಗೆ ಕೆಲಸ ಕಲಿಯುವಾಗ ನಾವೂ "ಗಾಂಜಾ ವ್ಯಸನಿಗಳ ಹೆಡೆಮುರಿ ಕಟ್ಟಿದ ಪೊಲೀಸರು" ಅಂತ ಬರೆದಿದ್ದೇವೆ. ಹತ್ತೊಂಬತ್ತು ವರ್ಷದ ಹುಡುಗರನ್ನು ನೆಲಕ್ಕೆ ಕೂರಿಸಿ ತೆಗೆದ ಫೋಟೊ ಹಾಕಿದ್ದೇವೆ. ಮಾರುವವನಿಗೂ ಸೇದುವವನಿಗೂ ಆ ಶೀರ್ಷಿಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆಯಲು ಮುಂದಾದರೆ ಶಿಕ್ಷೆಯ ಮೊಕದ್ದಮೆಯಿಂದ ರಕ್ಷಣೆ ಇದೆ. ಮಾದಕವಸ್ತು ಕಾಯ್ದೆಯ 64ಎ ಕಲಮಿನಲ್ಲೇ ಅದು ಇದೆ. ನಾವು ಬರೆದ ಒಂದು ಸುದ್ದಿಯಲ್ಲೂ ಆ ಸಾಲು ಇರಲಿಲ್ಲ. ಆ ಹುಡುಗರಲ್ಲಿ ಒಬ್ಬನ ತಾಯಿ ಪೇಪರನ್ನು ಮಡಿಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು.

ಹುಡುಗರ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಮೆದುಳಿನ ಮುಂಭಾಗ, ಅಂದರೆ "ತಡಿ, ಯೋಚನೆ ಮಾಡು" ಅನ್ನುವ ಭಾಗ, ಅದಕ್ಕೆ ಹೊದಿಕೆ ಸುತ್ತುವ ಕೆಲಸ ಇಪ್ಪತ್ತರ ಹರೆಯದ ನಡುವಿನವರೆಗೂ ನಡೆಯುತ್ತಲೇ ಇರುತ್ತದೆ. ಬೇಕು ಅನ್ನುವ ದಾರಿ ಬೇಗ ಸಿದ್ಧವಾಗಿ, ಬೇಡ ಅನ್ನುವ ದಾರಿ ಇನ್ನೂ ಕೆಲಸದಲ್ಲಿ ಇರುವ ವಯಸ್ಸು ಅದು. ಪಿ.ಯು. ಓದುವ ಹುಡುಗನ ಕೈಗೆ ಮದುವೆ ಮನೆಯಲ್ಲಿ "ಗಂಡಸಾಗೋ" ಅಂತ ಗ್ಲಾಸ್ ಕೊಡುವ ಮಾವಂದಿರಿಗೆ ಇದನ್ನು ಯಾರಾದರೂ ಓದಿ ಹೇಳಿ.

ಸರಿ, ಏನು ಮಾಡಬೇಕು? ದಾರಿ ಬದಲಿಸಬೇಕು. ಆ ಮನುಷ್ಯನ ದಾರಿಯನ್ನೂ, ಊರಿನ ದಾರಿಯನ್ನೂ.

ಊರಿನದು ಮೊದಲು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಸಾರಾಯಿ ಹೋದರೂ ಹಳ್ಳಿಯ ಗೂಡಂಗಡಿಗಳಿಗೆ, ಮನೆಗಳ ಹಿತ್ತಿಲಿಗೆ ಪುಟ್ಟ ಪ್ಯಾಕೆಟ್ಟುಗಳು ಬಂದವು. ಬೆಳಗ್ಗೆ ಹಾಲು ತರಲು ಹೋಗುವ ಅಂಗಡಿಯಲ್ಲೇ ಅದೂ ಸಿಗುತ್ತದೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು, ಮದ್ಯ ನಿಲ್ಲಿಸಿ ಅಂತ ಕೇಳಲು. ಆಗ ಪೇಟೆಯ ಕೆಲವರು, ಇದು ಭಾವುಕ ಬೇಡಿಕೆ, ಬಿಡುವ ಮನಸ್ಸಿದ್ದವನು ಅಂಗಡಿ ಎದುರಿಗಿದ್ದರೂ ಬಿಡುತ್ತಾನೆ ಅಂದರು. ಪೂರ್ತಿ ನಿಷೇಧ ಬೇಕೋ ಬೇಡವೋ ಅನ್ನುವುದರಲ್ಲಿ ನಮ್ಮೊಳಗೇ ಒಮ್ಮತ ಇಲ್ಲ. ಆದರೆ ಹಾಲಿನ ಅಂಗಡಿಯಲ್ಲಿ, ಶಾಲೆಯ ದಾರಿಯಲ್ಲಿ ಅದು ಸಿಗಬಾರದು ಅನ್ನುವುದರಲ್ಲಿ ಒಮ್ಮತ ಇದೆ. ಆ ಹೆಂಗಸರು ಪ್ರಯೋಗಾಲಯ ನೋಡಿದವರಲ್ಲ. ಕೋಣೆಯ ಬಾಗಿಲು ತೆರೆದಿಟ್ಟು ಇಲಿಯನ್ನು ಬೈದರೆ ಆಗುವುದಿಲ್ಲ ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು. ಅಕ್ರಮ ಮಾರಾಟದ ಬಗ್ಗೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅಬಕಾರಿ ಇಲಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಲೆಕ್ಕ ಇರುವುದಿಲ್ಲ.

ಮನುಷ್ಯನ ದಾರಿಗೆ ವೈದ್ಯರು ಬೇಕು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಕುಡಿತಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಉಳಿದ 37 ಜನ ಎಲ್ಲಿ? ಆಣೆಯಲ್ಲಿ, ಪುಡಿಯಲ್ಲಿ, ಬೀಗದಲ್ಲಿ, ಇಲ್ಲವೇ ನಮ್ಮ ಬೈಗುಳದಲ್ಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನುವುದು ದೇಶಕ್ಕೇ ಮಾದರಿಯಾಗಿ ಹೊರಟದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಿಂದ, ನಿಮ್ಹಾನ್ಸ್ ನೆರವಿನಲ್ಲಿ. ಅಂಥ ರಾಜ್ಯದಲ್ಲೂ ಹಳ್ಳಿಯವರಿಗೆ ಕುಡಿತಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ ಅನ್ನುವುದೇ ಗೊತ್ತಿಲ್ಲ. ಮನೋಚೈತನ್ಯ ಹೆಸರಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ಯೋಜನೆ ಇದೆ. ನಿಮ್ಮ ತಾಲ್ಲೂಕಲ್ಲಿ ಯಾವ ದಿನ, ಯಾವ ಕೊಠಡಿ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಚಟಕ್ಕೆಂದೇ ಇರುವ ಸಹಾಯವಾಣಿ 14446. ಎರಡಕ್ಕೂ ದುಡ್ಡಿಲ್ಲ. ವಾರಕ್ಕೊಂದು ದಿನ ಸಾಲದು ಅನ್ನುವುದು ನಮ್ಮ ಅಭಿಪ್ರಾಯ. ಸಕ್ಕರೆ, ಬಿ.ಪಿ. ಮಾತ್ರೆ ಸಿಗುವ ಹಾಗೆ ಇದರ ಮಾತ್ರೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನವೂ ಸಿಗಬೇಕು.

ಚಿಕಿತ್ಸೆ ಅಂದರೆ ಹತ್ತು ದಿನದ ಅಡ್ಮಿಷನ್ ಅಲ್ಲ. ಕೈ ನಡುಕ ನಿಲ್ಲಲು ಹತ್ತು ದಿನ ಸಾಕು. ಕಲಿತದ್ದು ಮಸುಕಾಗಲು ತಿಂಗಳುಗಟ್ಟಲೆ ಬೇಕು, ವರ್ಷವೂ ಬೇಕು. ಆಸೆ ತಗ್ಗಿಸುವ ಮಾತ್ರೆಗಳಿವೆ. ಯಾವ ಹೊತ್ತು, ಯಾವ ಜಾಗ, ಯಾರ ಕರೆ ಎಳೆಯುತ್ತದೆ ಅಂತ ಪಟ್ಟಿ ಮಾಡಿಸಿ ಅದನ್ನು ತಪ್ಪಿಸುವ ಉಪಾಯ ಕಲಿಸುವ ಆಪ್ತಸಮಾಲೋಚನೆ ಇದೆ. ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ಬಹಳ ವರ್ಷ ಕುಡಿದವರ ಮೆದುಳಲ್ಲಿ ಈ ಹೊದಿಕೆಯ ಬಿಳಿ ಭಾಗ ಕುಗ್ಗಿರುತ್ತದೆ. ಬಿಟ್ಟ ಮೇಲೆ ತಿಂಗಳುಗಳು ಕಳೆದಂತೆ ಅದು ಒಂದಷ್ಟು ಚೇತರಿಸಿಕೊಳ್ಳುವುದನ್ನು ಎಂಆರ್‌ಐ ಚಿತ್ರಗಳಲ್ಲಿ ಕಂಡಿದ್ದಾರೆ. ಹೊಸ ಅಭ್ಯಾಸಕ್ಕೂ ಹೊದಿಕೆ ಸುತ್ತಲು ಸಸಿಗಳು ಐವತ್ತರಲ್ಲೂ ಅರವತ್ತರಲ್ಲೂ ಇರುತ್ತವೆ.

ಮೊದಲು ಹೇಳಿದ ಸ್ವಾಮಿಯ ವಿಷಯ. ಈ ಸಲ ಮಾಲೆ ತೆಗೆದ ಮೇಲೂ ಭಜನೆ ಗುಂಪಿನವರು ಅವರನ್ನು ಬಿಡಲಿಲ್ಲ. ಸಂಜೆ ಆರಕ್ಕೆ ಒಬ್ಬರು ಮನೆಗೇ ಹೋಗಿ ಕರೆದುಕೊಂಡು ಬರುತ್ತಾರೆ. ತೋಟದಿಂದ ಬರುವಾಗ ಬಸ್ ಸ್ಟ್ಯಾಂಡ್ ದಾರಿ ಬಿಟ್ಟು ಕೆರೆ ಏರಿ ಮೇಲೆ ಬರುತ್ತಾರೆ, ಒಂದು ಕಿಲೋಮೀಟರ್ ಸುತ್ತು. ಮಂಗಳವಾರ ಹೆಂಡತಿಯ ಜೊತೆ ತಾಲ್ಲೂಕು ಆಸ್ಪತ್ರೆಗೆ ಮೂರು ಸಲ ಹೋಗಿ ಬಂದಿದ್ದಾರೆ. ನಡುವೆ ಒಂದು ದಿನ, ಸಂಬಂಧಿಕರ ತಿಥಿಯಲ್ಲಿ, ಕುಡಿದಿದ್ದರಂತೆ. ಮುಂದಿನ ಮಂಗಳವಾರ ಅದನ್ನು ಡಾಕ್ಟರಿಗೆ ಅವರೇ ಹೇಳಿದರಂತೆ. ಡಾಕ್ಟರು ಬೈಯದೆ, ತಿಥಿ ಊಟಕ್ಕೆ ಯಾರ ಪಕ್ಕ ಕೂತಿದ್ದಿರಿ ಅಂತ ಕೇಳಿದರಂತೆ.